ಖೇಜ್ರಿ: ಮರುಭೂಮಿಯಲ್ಲಿ ನಮ್ಮ ಬನ್ನಿ

ದಸರೆಯಲ್ಲಿ ‘ಬನ್ನಿ ತೊಗೊಂಡು ಬಂಗಾರದಂಗ ಇರೋಣ’ ಅಂತ ಎಲೆ ಕೈಗಿಡುತ್ತೇವಲ್ಲ, ಆ ಬನ್ನಿಯ ಪೂರ್ತಿ ಗತ್ತು ನೋಡಬೇಕಾದರೆ ರಾಜಸ್ಥಾನದ ಥಾರ್‌ಗೇ ಹೋಗಬೇಕು. ಅಲ್ಲಿ ಅದು ಖೇಜ್ರಿ. ಸಂಸ್ಕೃತದಲ್ಲಿ ಶಮಿ, ತೆಲಂಗಾಣದಲ್ಲಿ ಜಮ್ಮಿ, ಅರಬ್ ನಾಡಿನಲ್ಲಿ ಗಾಫ್, ಸಸ್ಯಶಾಸ್ತ್ರದಲ್ಲಿ ಪ್ರೊಸೋಪಿಸ್ ಸಿನೆರೇರಿಯಾ. ಪರೀಕ್ಷೆಯಲ್ಲಿ ಹೆಸರು ಬದಲಿಸಿ ಪ್ರಶ್ನೆ ಕೇಳಿದರೆ ಗಾಬರಿಯಾಗಬೇಡಿ, ಮರ ಒಂದೇ.

ಈ ಮರದ ಕಥೆಗಳನ್ನು ಬಾಯಿಪಾಠ ಮಾಡುವ ಮೊದಲು ಅದು ಬದುಕುವ ರೀತಿ ತಿಳಿದುಕೊಳ್ಳಿ. ಆಮೇಲೆ ಕಥೆಗಳು ತಾವಾಗಿಯೇ ನೆನಪಲ್ಲಿ ಉಳಿಯುತ್ತವೆ. ಬೇಸಿಗೆಯಲ್ಲಿ ಸುತ್ತಲಿನ ಹಸಿರೆಲ್ಲ ಒಣಗಿದಾಗ ಖೇಜ್ರಿ ಹೊಸದಾಗಿ ಚಿಗುರುತ್ತದೆ. ಅದರ ತಾಯಿಬೇರು 30 ಮೀಟರಿಗೂ ಕೆಳಗೆ ಇಳಿಯಬಲ್ಲದು, ಹಾಗಾಗಿ ಮಳೆಗೆ ಕಾಯಬೇಕಿಲ್ಲ. ದ್ವಿದಳ ಜಾತಿಯಾದ್ದರಿಂದ ಮಣ್ಣಿಗೆ ಸಾರಜನಕವನ್ನೂ ಸೇರಿಸುತ್ತದೆ. ಅದಕ್ಕೇ ಅಲ್ಲಿನ ರೈತರು ಹೊಲದ ನಡುವೆ ನಿಂತ ಮರವನ್ನು ಕಡಿಯುವುದಿಲ್ಲ. ಅದರ ಬುಡದಲ್ಲಿ ಸಜ್ಜೆ ಚೆನ್ನಾಗಿಯೇ ಬರುತ್ತದೆ.

ಎಳೆಕಾಯಿಗೆ ಸಾಂಗ್ರಿ ಅನ್ನುತ್ತಾರೆ. ಅದನ್ನು ಬೇಯಿಸಿ ಒಣಗಿಸಿಟ್ಟರೆ ವರ್ಷವಿಡೀ ಪಲ್ಯಕ್ಕಾಯಿತು. ಒಣಗಿದ ಸಾಂಗ್ರಿ ಕಂದು ಬಣ್ಣದ ತೆಳ್ಳನೆ ಕಡ್ಡಿಯಂತಿರುತ್ತದೆ, ನೆನೆಸಿದರೆ ಮೆತ್ತಗಾಗುತ್ತದೆ. ಸವರಿದ ಎಲೆ ‘ಲೂಂಗ್’, ಅದು ಒಂಟೆ ಮತ್ತು ಆಡುಗಳ ಮೇವು. 1899–1900ರ ‘ಛಪ್ಪನಿಯಾ’ ಬರದಲ್ಲಿ ಜನ ಇದರ ತೊಗಟೆಯನ್ನೇ ಕುಟ್ಟಿ ಹಿಟ್ಟು ಮಾಡಿ ತಿಂದರು. (ಛಪ್ಪನಿಯಾ ಎಂದರೆ ವಿಕ್ರಮ ಸಂವತ್ 1956ರ ಬರ.) ಇಂಥ ಮರವನ್ನು ಪೂಜಿಸದೆ ಇನ್ನೇನು ಮಾಡುತ್ತಾರೆ?

ಇನ್ನು ಕಟ್ಟಿಗೆ. ಬಹಳ ಗಟ್ಟಿ, ಉರಿದರೆ ಕಾವು ಜಾಸ್ತಿ. ಅಗ್ನಿ ಶಮಿಯೊಳಗೆ ಅಡಗಿ ಕುಳಿತ ಎಂಬ ಪುರಾಣವನ್ನು ಇದರ ಜೊತೆಗಿಟ್ಟು ಓದಿ. ಯಜ್ಞದ ಬೆಂಕಿ ಕಡೆಯುವ ಅರಣಿಗೂ ಶಮಿಯ ಮೇಲೆ ಬೆಳೆದ ಅಶ್ವತ್ಥವೇ ಶ್ರೇಷ್ಠ ಎನ್ನುತ್ತಾರೆ.

ಆದರೆ ಈ ಗುಣವೇ 1730ರಲ್ಲಿ ಮರಕ್ಕೆ ಮುಳುವಾಯಿತು. ಜೋಧಪುರದ ಮಹಾರಾಜ ಅಭಯ್ ಸಿಂಗ್‌ನ ಅರಮನೆ ಕೆಲಸಕ್ಕೆ ಸುಣ್ಣ ಸುಡಬೇಕಿತ್ತು, ಅದಕ್ಕೆ ಕಟ್ಟಿಗೆ ಬೇಕಿತ್ತು. ಆಳುಗಳು ಕೊಡಲಿ ಹಿಡಿದು ಖೇಜರ್ಲಿ ಹಳ್ಳಿಗೆ ಬಂದರು. ಅದು ಬಿಷ್ಣೋಯಿ ಪಂಥದವರ ಊರು. ಆ ಪಂಥ ಕಟ್ಟಿದ ಗುರು ಜಂಭೇಶ್ವರರ 29 ನಿಯಮಗಳಲ್ಲಿ ಹಸಿರು ಮರ ಕಡಿಯಬಾರದೆಂಬುದೂ ಒಂದು. ಆ ಊರಿನ ಅಮೃತಾದೇವಿ ಮರವನ್ನು ತಬ್ಬಿ ನಿಂತಳು. ‘ತಲೆ ಕೊಟ್ಟು ಮರ ಉಳಿದರೂ ಅಗ್ಗವೇ’ ಎಂದಳೆಂದು ಬಿಷ್ಣೋಯಿಗಳು ಇಂದಿಗೂ ಹೇಳುತ್ತಾರೆ. ಅವಳು ಸತ್ತಳು, ಮೂವರು ಹೆಣ್ಣುಮಕ್ಕಳೂ ಸತ್ತರು. ಹೀಗೆ ಮರ ಉಳಿಸಲು ಹೋಗಿ ಸತ್ತವರು ಒಟ್ಟು 363 ಜನ. ಸುದ್ದಿ ತಿಳಿದ ಮೇಲೆ ರಾಜ ಕಡಿಯುವುದನ್ನು ನಿಲ್ಲಿಸಿದ. ಟಿಪ್ಪಣಿಯಲ್ಲಿ ಇದನ್ನು ‘ಚಿಪ್ಕೋಗೆ ಮುನ್ನುಡಿ’ (ಚಿಪ್ಕೋ ಎಂದರೆ 1970ರ ದಶಕದ ಮರ ತಬ್ಬುವ ಚಳವಳಿ) ಎಂದು ಒಂದೇ ಸಾಲಲ್ಲಿ ಮುಗಿಸಬೇಡಿ.

ಮಹಾಭಾರತದ ಪ್ರಸಂಗ ಎಲ್ಲರಿಗೂ ಗೊತ್ತಿದೆ ಅಲ್ವಾ? ಪಾಂಡವರು ವಿರಾಟನಗರಕ್ಕೆ ಹೋಗುವ ಮುಂಚೆ ಆಯುಧಗಳನ್ನು ಶಮಿಯ ಮೇಲೆ ಕಟ್ಟಿಟ್ಟರು. ಜೊತೆಗೆ ಒಂದು ಹೆಣವನ್ನೂ ಕಟ್ಟಿ, ‘ಇದು ನೂರೆಂಬತ್ತು ವರ್ಷದ ನಮ್ಮ ತಾಯಿ’ ಎಂದು ದನಗಾಹಿಗಳಿಗೆ ಹೇಳಿದರು. ಮರ ಮುಟ್ಟಲು ಯಾರು ಬರುತ್ತಾರೆ! ಮೈಸೂರು ದಸರಾ ಮೆರವಣಿಗೆ ಬನ್ನಿಮಂಟಪಕ್ಕೆ ಹೋಗಿ ಮುಗಿಯುವುದರ ಹಿಂದೆಯೂ ಈ ಬನ್ನಿಪೂಜೆಯೇ ಇದೆ.

ಒಂದು ಎಚ್ಚರಿಕೆ. ಕೆರೆ ಅಂಗಳದಲ್ಲೆಲ್ಲ ಹಬ್ಬಿರುವ ಬಳ್ಳಾರಿ ಜಾಲಿ ಇದರ ಹತ್ತಿರದ ನಂಟ, ಅಮೆರಿಕ ಖಂಡದಿಂದ ಬಂದದ್ದು. ಎಲೆ ನೋಡಿದರೆ ಮೋಸ ಹೋಗುತ್ತೀರಿ. ರೆಂಬೆ ಹಿಡಿದು ಮುಳ್ಳು ನೋಡಿ. ಜಾಲಿಗೆ ಎಲೆಯ ಬುಡದಲ್ಲಿ ಉದ್ದನೆಯ ಮುಳ್ಳು, ಹೆಚ್ಚಾಗಿ ಜೋಡಿಯಾಗಿ. ಬನ್ನಿಗೆ ಗೆಣ್ಣುಗಳ ನಡುವೆ ಅಲ್ಲಲ್ಲಿ ಚೆಲ್ಲಿದಂತೆ ಗಿಡ್ಡ ಮುಳ್ಳು, ಬುಡ ದಪ್ಪ, ತುದಿ ಚೂಪು.