ಕಾರ್ವೆಟ್‌ನ ಎಂಜಿನ್ ಹಿಂದಕ್ಕೆ ಸರಿಯಲು ಹಿಡಿದ ಅರವತ್ತು ವರ್ಷ

ಷೆವರ್ಲೆ ಎಂದರೆ ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆಯವರಿಗೆ ಮೊದಲು ನೆನಪಾಗುವುದು ಟವೇರಾ. ಮದುವೆಗೂ ಮಂತ್ರಾಲಯದ ಯಾತ್ರೆಗೂ ಬಾಡಿಗೆಗೆ ಓಡಿದ ಆ ಗಾಡಿಯನ್ನು ತಯಾರಿಸುತ್ತಿದ್ದ ಜನರಲ್ ಮೋಟರ್ಸ್ 2017ರಲ್ಲಿ ಭಾರತದಲ್ಲಿ ಮಾರಾಟ ನಿಲ್ಲಿಸಿತು. ಎರಡು ವರ್ಷಗಳ ನಂತರ, 2019ರ ಜುಲೈ 18ರಂದು, ಅದೇ ಸಂಸ್ಥೆ ಕ್ಯಾಲಿಫೋರ್ನಿಯಾದಲ್ಲಿ ಎಂಟನೆಯ ತಲೆಮಾರಿನ ಷೆವರ್ಲೆ ಕಾರ್ವೆಟ್ ಸ್ಪೋರ್ಟ್ಸ್ ಕಾರನ್ನು ಅನಾವರಣ ಮಾಡಿದಾಗ, 1953ರಿಂದ ಚಾಲಕನ ಮುಂದೆಯೇ ಇದ್ದ ಎಂಜಿನ್ ಅವನ ಬೆನ್ನ ಹಿಂದಕ್ಕೆ ಬಂದಿತ್ತು. ಉದ್ದನೆಯ ಬಾನೆಟ್ಟೇ ಗುರುತಾಗಿದ್ದ ಕಾರಿನ ಅಭಿಮಾನಿಗಳಲ್ಲಿ ಅನೇಕರು ಇದನ್ನು ಒಪ್ಪಲಿಲ್ಲ. ಆದರೆ ಈ ಬದಲಾವಣೆಯ ಬೇರು ಬಹಳ ಹಿಂದಿನದು.

ಎಂಜಿನ್ ಎಲ್ಲಿರಬೇಕು ಎಂಬ ಪ್ರಶ್ನೆ ನಮ್ಮ ಭಾಗಕ್ಕೆ ಹೊಸದೇನೂ ಅಲ್ಲ. ಮೇ ತಿಂಗಳ ಮಧ್ಯಾಹ್ನ ಬಳ್ಳಾರಿಯಿಂದ ಸಿರುಗುಪ್ಪ, ಸಿಂಧನೂರಿನ ಕಡೆಗೆ ಹೋಗುವ ಸಾಮಾನ್ಯ ಸಾರಿಗೆ ಬಸ್ಸಿನಲ್ಲಿ, ಚಾಲಕರ ಎಡಗಡೆಯ ಬಾನೆಟ್ ಮೇಲೆ ಕುಳಿತವರಿಗೆ ಅದರ ಕಾವು ಎಂಥದೆಂದು ಗೊತ್ತು. ಆ ಕಾವಿನ ಪಕ್ಕದಲ್ಲಿಯೇ ದಿನವಿಡೀ ದುಡಿಯುವ ಚಾಲಕರಿಗೆ ಇನ್ನೂ ಚೆನ್ನಾಗಿ ಗೊತ್ತು. ಎಂಜಿನ್ ಹಿಂದಿರುವ ವೋಲ್ವೊ ಬಸ್ಸುಗಳು ಬಂದ ಮೇಲೆ ಮುಂದಿನ ಸೀಟಿನ ಸದ್ದು, ಸೆಕೆ ಎರಡೂ ಎಷ್ಟು ಇಳಿದವೆಂಬುದನ್ನು ಪ್ರಯಾಣಿಕರೇ ಕಂಡಿದ್ದಾರೆ. ಕಾರ್ವೆಟ್‌ನ ಇತಿಹಾಸದಲ್ಲಿಯೂ ಸೆಕೆಗೆ ಒಂದು ಸ್ಥಾನವಿದೆ. ಅದನ್ನು ಮುಂದೆ ಹೇಳುತ್ತೇನೆ.

ಕಾರಿನ ಎಂಜಿನ್ ಅನ್ನು ಮುಂದಿನ ಚಕ್ರಗಳ ಬಳಿ ಇಡಬಹುದು, ಟಾಟಾ ನ್ಯಾನೊದಂತೆ ಹಿಂಬದಿಯಲ್ಲಿ ಇಡಬಹುದು, ಇಲ್ಲವೇ ಚಾಲಕನ ಸೀಟಿಗೂ ಹಿಂದಿನ ಚಕ್ರಗಳ ಅಚ್ಚಿಗೂ ನಡುವೆ ಇಡಬಹುದು. ಈ ಮೂರನೆಯದೇ ಮಿಡ್-ಎಂಜಿನ್ ವಿನ್ಯಾಸ. ಕಾವಡಿಯ ಎರಡೂ ತುದಿಗೆ ತುಂಬಿದ ಕೊಡ ಕಟ್ಟಿಕೊಂಡು ಗಕ್ಕನೆ ತಿರುಗುವುದು ಕಷ್ಟ. ಅಷ್ಟೇ ಭಾರವನ್ನು ಎದೆಗೆ ಅವಚಿಕೊಂಡರೆ ಸುಲಭವಾಗಿ ತಿರುಗಬಹುದು. ಭಾರವೆಲ್ಲ ನಡುವಿಗೆ ಸೇರಿದ ಕಾರು ಇದೇ ಕಾರಣಕ್ಕೆ ತಿರುವಿನಲ್ಲಿ ಚುರುಕಾಗಿ ದಿಕ್ಕು ಬದಲಿಸುತ್ತದೆ. ಜೊತೆಗೆ ಹಿಂದಿನ ಚಕ್ರಗಳ ಮೇಲೆ ಹೆಚ್ಚು ಭಾರ ಬೀಳುವುದರಿಂದ, ಶಕ್ತಿ ಎಷ್ಟೇ ಇದ್ದರೂ ಟೈರುಗಳು ಜಾರದೆ ನೆಲವನ್ನು ಕಚ್ಚಿ ಹಿಡಿಯುತ್ತವೆ.

ಇದನ್ನು ಮೊದಲು ಅರಿತದ್ದು ರೇಸಿನ ಜಗತ್ತು. 1930ರ ದಶಕದಲ್ಲಿಯೇ ಜರ್ಮನಿಯ ಆಟೋ ಯೂನಿಯನ್ ರೇಸ್ ಕಾರುಗಳಲ್ಲಿ ಎಂಜಿನ್ ಚಾಲಕನ ಹಿಂದಿತ್ತು. ಯುದ್ಧದ ನಂತರ ಇಂಗ್ಲೆಂಡಿನ ಕೂಪರ್ ಎಂಬ ಸಣ್ಣ ಸಂಸ್ಥೆ ಅದೇ ದಾರಿ ಹಿಡಿಯಿತು. 1958ರ ಅರ್ಜೆಂಟೀನಾ ಗ್ರ್ಯಾನ್ ಪ್ರಿಯನ್ನು ಸ್ಟರ್ಲಿಂಗ್ ಮಾಸ್ ಗೆದ್ದದ್ದು ಕೂಪರ್ ಕಾರಿನಲ್ಲಿ, 1959 ಮತ್ತು 1960ರಲ್ಲಿ ಜಾಕ್ ಬ್ರಾಭಮ್ ವಿಶ್ವ ಚಾಂಪಿಯನ್ ಆದದ್ದೂ ಕೂಪರ್ ಕಾರಿನಲ್ಲಿಯೇ. ಎತ್ತು ಇರಬೇಕಾದದ್ದು ಗಾಡಿಯ ಮುಂದೆ ಎಂಬ ಮಾತು ಎನ್ಜೊ ಫೆರಾರಿಯವರ ಹೆಸರಿನಲ್ಲಿ ಇಂದಿಗೂ ಪ್ರಚಲಿತವಾಗಿದೆ. ಅವರ ಸಂಸ್ಥೆಯೂ 1961ರ ಹೊತ್ತಿಗೆ ಎಂಜಿನ್ ಅನ್ನು ಹಿಂದಕ್ಕೆ ಸರಿಸಿತು. 1966ರಲ್ಲಿ ಬಂದ ಲ್ಯಾಂಬೋರ್ಗಿನಿ ಮ್ಯೂರಾದಿಂದ ಆ ವಿನ್ಯಾಸ ರಸ್ತೆಯ ಕಾರುಗಳಲ್ಲಿಯೂ ಹೆಸರು ಮಾಡಿತು.

ಕಾರ್ವೆಟ್ ಹುಟ್ಟಿದಾಗ ಅದಕ್ಕೆ ಇಂಥ ಮಹತ್ವಾಕಾಂಕ್ಷೆ ಇರಲಿಲ್ಲ. 1953ರಲ್ಲಿ ತಯಾರಾದ 300 ಕಾರುಗಳಲ್ಲಿ ಇದ್ದದ್ದು 150 ಅಶ್ವಶಕ್ತಿಯ ಆರು ಸಿಲಿಂಡರ್ ಎಂಜಿನ್. ಅದನ್ನು ನಿಜವಾದ ಸ್ಪೋರ್ಟ್ಸ್ ಕಾರಾಗಿ ಬೆಳೆಸಿದ ಕೀರ್ತಿಯ ದೊಡ್ಡ ಪಾಲು ಅದೇ ವರ್ಷ ಸಂಸ್ಥೆಗೆ ಸೇರಿದ ಎಂಜಿನಿಯರ್ ಜೋರಾ ಆರ್ಕಸ್-ಡಂಟೋವ್ ಅವರಿಗೆ ಸಲ್ಲಬೇಕು. 1957ರಲ್ಲಿ ಫ್ಲಾರಿಡಾದ ಸೆಬ್ರಿಂಗ್ ರೇಸಿಗೆ ಅವರು ಸಿದ್ಧಪಡಿಸಿದ ಕಾರ್ವೆಟ್ ಎಸ್‌ಎಸ್ ಕಾರಿನ ಮೆಗ್ನೀಸಿಯಂ ಮೈ ಎಂಜಿನ್ನಿನ ಶಾಖವನ್ನು ಒಳಗೇ ಹಿಡಿದಿಟ್ಟುಕೊಂಡು ಚಾಲಕನನ್ನು ಬೇಯಿಸಿತು. ಕಾರು ರೇಸನ್ನು ಮುಗಿಸಲೂ ಇಲ್ಲ. ಎಂಜಿನ್ ಚಾಲಕನ ಹಿಂದಿರಬೇಕೆಂಬ ಯೋಚನೆ ಡಂಟೋವ್ ಅವರಲ್ಲಿ ಬಲಿಯಲು ಆ ಸೆಕೆಯೂ ಒಂದು ಕಾರಣವೆಂದು ಕಾರ್ವೆಟ್‌ನ ಚರಿತ್ರೆಯನ್ನು ಬರೆದವರು ಹೇಳುತ್ತಾರೆ.

1960ರಲ್ಲಿ ಅವರು ಸರ್ವ್-1 ಎಂಬ ಮಿಡ್-ಎಂಜಿನ್ ಪ್ರಯೋಗ ವಾಹನವನ್ನು ಹೊರತಂದರು, 1964ರಲ್ಲಿ ಸರ್ವ್-2 ಬಂದಿತು. 1968ರ ಆಸ್ಟ್ರೊ-2 ಮತ್ತು 1970ರ ಎಕ್ಸ್‌ಪಿ-882 ಕಾರುಗಳನ್ನು ಪ್ರದರ್ಶನದಲ್ಲಿ ಕಂಡ ಜನ ಮುಂದಿನ ಕಾರ್ವೆಟ್ ಇದೇ ಎಂದು ನಂಬಿದರು. 1973ರಲ್ಲಿ ಪಿಸ್ಟನ್‌ಗಳ ಬದಲು ಸುತ್ತುವ ರೋಟರ್‌ಗಳಿಂದ ನಡೆಯುವ ವ್ಯಾಂಕೆಲ್ ಎಂಜಿನ್ (ಇದರಲ್ಲಿ ನಾಲ್ಕು ರೋಟರ್) ಹೊತ್ತ ಕಾರೊಂದು ಬಂದಿತು. ಸಂಸ್ಥೆಯು ಆ ಬಗೆಯ ಎಂಜಿನ್ನನ್ನೇ ಕೈಬಿಟ್ಟ ಮೇಲೆ ಅದೇ ಕಾರು ಎಂಟು ಸಿಲಿಂಡರಿನ ವಿ-8 ಎಂಜಿನ್ ಪಡೆದು ಏರೋವೆಟ್ ಎನಿಸಿಕೊಂಡಿತು. ಅದೂ ಕಾರ್ಖಾನೆಯ ಸಾಲಿನವರೆಗೆ ತಲುಪಲಿಲ್ಲ. ಡಂಟೋವ್ 1975ರಲ್ಲಿ ನಿವೃತ್ತರಾಗಿ, 1996ರಲ್ಲಿ ತೀರಿಕೊಂಡರು. ಒಬ್ಬ ಸಮರ್ಥ ಎಂಜಿನಿಯರ್ ಇಷ್ಟು ಸಲ ಮಾದರಿ ಮಾಡಿ ತೋರಿಸಿಯೂ ತಾನು ಬಯಸಿದ ಕಾರನ್ನು ರಸ್ತೆಯ ಮೇಲೆ ನೋಡದೆ ಹೋದದ್ದು ನನಗೆ ಇಂದಿಗೂ ನೋವಿನ ಸಂಗತಿ.

ತಡೆದದ್ದು ತಂತ್ರಜ್ಞಾನದ ಕೊರತೆಯಲ್ಲ, ಲೆಕ್ಕಾಚಾರ. ಎಂಜಿನ್ ಮುಂದಿದ್ದ ಕಾರ್ವೆಟ್ ಚೆನ್ನಾಗಿಯೇ ಮಾರಾಟವಾಗುತ್ತಿದ್ದಾಗ, ಗೇರ್‌ಬಾಕ್ಸ್ ಮತ್ತು ಅಚ್ಚುಗಳನ್ನು ಹೊಸದಾಗಿ ರೂಪಿಸುವ ಅಪಾರ ವೆಚ್ಚಕ್ಕೆ ಆಡಳಿತ ಮಂಡಳಿ ಸಿದ್ಧವಿರಲಿಲ್ಲ. ಕೊನೆಗೆ ಲೆಕ್ಕವನ್ನು ಬದಲಿಸಿದ್ದು ಏಳನೆಯ ತಲೆಮಾರಿನ ಅನುಭವ. ಅದರ ಝಡ್‌ಆರ್‌1 ಮಾದರಿ 755 ಅಶ್ವಶಕ್ತಿಗೆ ಏರಿದ್ದರೂ ಅಷ್ಟನ್ನೂ ಹಿಂದಿನ ಎರಡು ಚಕ್ರಗಳ ಮೂಲಕ ನೆಲಕ್ಕಿಳಿಸುವುದು ಕಷ್ಟವಾಗಿತ್ತು. ಎಂಜಿನ್ ಮುಂದಿರುವ ವಿನ್ಯಾಸದ ಮಿತಿಯನ್ನು ಮುಟ್ಟಿದ್ದೇವೆಂದು ಕಾರ್ವೆಟ್‌ನ ಎಂಜಿನಿಯರುಗಳೇ ಹೇಳಿದರು. ಎಂಟನೆಯ ತಲೆಮಾರಿನಲ್ಲಿ ಸುಮಾರು ಶೇ 60ರಷ್ಟು ಭಾರ ಹಿಂದಿನ ಚಕ್ರಗಳ ಮೇಲಿದೆ. ಅದರ ಮೂಲ ಮಾದರಿಯ 6.2 ಲೀಟರ್ ವಿ-8 ಎಂಜಿನ್ ಗರಿಷ್ಠ 495 ಅಶ್ವಶಕ್ತಿಯದು, ಅಂದರೆ ಝಡ್‌ಆರ್‌1ಗಿಂತ ಬಹಳ ಕಡಿಮೆ. ಆದರೂ ಝಡ್51 ಎಂಬ ವೇಗದ ಚಾಲನೆಗೆಂದೇ ಇರುವ ಐಚ್ಛಿಕ ಪ್ಯಾಕೇಜ್ ಪಡೆದ ಕಾರು ಗಂಟೆಗೆ 97 ಕಿಲೋಮೀಟರ್ ವೇಗವನ್ನು 2.9 ಸೆಕೆಂಡಿನಲ್ಲಿ ಮುಟ್ಟುತ್ತದೆ. ಆರಂಭಿಕ ಬೆಲೆ 59,995 ಡಾಲರ್ ಆಗಿತ್ತು, ಇದೇ ವಿನ್ಯಾಸದ ಫೆರಾರಿಗಳ ಬೆಲೆಯ ಒಂದು ಸಣ್ಣ ಪಾಲು ಮಾತ್ರ.

ಹಾಗೆಂದು ಪ್ರತಿಯೊಂದು ಹಳೆಯ ಸ್ಪೋರ್ಟ್ಸ್ ಕಾರೂ ಇದೇ ದಾರಿ ಹಿಡಿಯಬೇಕೆಂದು ನಾನು ಹೇಳಲಾರೆ. ಫೆರಾರಿ ಸಂಸ್ಥೆಯೇ 1996ರಲ್ಲಿ 550 ಮರನೆಲ್ಲೊ ಕಾರಿನೊಂದಿಗೆ ತನ್ನ ದೊಡ್ಡ ಎರಡು ಸೀಟಿನ ಕಾರಿನ ಎಂಜಿನ್ ಅನ್ನು ಮತ್ತೆ ಮುಂದಕ್ಕೆ ತಂದಿತು. ದೂರದ ಪ್ರಯಾಣಕ್ಕೆ, ಸಾಮಾನಿಗೆ, ಆರಾಮಕ್ಕೆ ಅದೇ ಸರಿಯಾಗಿತ್ತು. ಪೋರ್ಷೆ 911ರ ವಿಷಯ ಇನ್ನೂ ಭಿನ್ನ. 1963ರಿಂದಲೂ ಅದರ ಎಂಜಿನ್ ಹಿಂದಿನ ಅಚ್ಚಿನ ಆಚೆಗಿದೆ. ಹಾಗಿರುವುದರಿಂದಲೇ ಮುಂದಿನ ಸೀಟುಗಳ ಹಿಂದೆ ಮಕ್ಕಳು ಕೂರುವಷ್ಟು ಜಾಗ ಉಳಿದಿದೆ. ಪೋರ್ಷೆ ತನ್ನ 911 ಆರ್‌ಎಸ್‌ಆರ್ ರೇಸ್ ಕಾರಿನಲ್ಲಿ 2017ರಲ್ಲಿ ಎಂಜಿನ್ ಅನ್ನು ಅಚ್ಚಿನ ಮುಂದಕ್ಕೆ ತಂದಿದ್ದರೂ ರಸ್ತೆಯ 911ರಲ್ಲಿ ಹಾಗೆ ಮಾಡಿಲ್ಲ. ಮಾಡಿದರೆ ಆ ಹಿಂದಿನ ಸೀಟುಗಳು ಹೋಗುತ್ತವೆ, ಆಗ ಅದು 911 ಆಗಿ ಉಳಿಯುವುದಿಲ್ಲ. ಕಾರ್ವೆಟ್ ಮೊದಲಿನಿಂದಲೂ ಎರಡೇ ಸೀಟಿನ ಕಾರಾದ್ದರಿಂದ ಈ ಬದಲಾವಣೆಯಲ್ಲಿ ಕಳೆದುಕೊಳ್ಳಬೇಕಾದದ್ದು ಕಡಿಮೆಯಿತ್ತು.

ಕಡಿಮೆಯಿತ್ತೇ ಹೊರತು ಇರಲೇ ಇಲ್ಲವೆಂದಲ್ಲ. ಎಂಟನೆಯ ಕಾರ್ವೆಟ್‌ನಲ್ಲಿ ಕ್ಲಚ್ ಒತ್ತಿ ಕೈಯಿಂದ ಬದಲಿಸುವ ಗೇರ್ ಇಲ್ಲ. ಕ್ಲಚ್ ಪೆಡಲ್ ಇಲ್ಲದೆ ತಾನೇ ಗೇರ್ ಬದಲಿಸುವ, ಎಂಟು ವೇಗದ ಡ್ಯುಯಲ್ ಕ್ಲಚ್ ಗೇರ್‌ಬಾಕ್ಸ್ ಒಂದೇ ಆಯ್ಕೆ. ಬಳ್ಳಾರಿಯ ಗ್ಯಾರೇಜಿನ ಯಾವ ಮೇಸ್ತ್ರಿಯನ್ನು ಕೇಳಿದರೂ, ಬಾನೆಟ್ ಎತ್ತಿ ಎರಡೂ ಬದಿಯಿಂದ ಕೈಹಾಕುವ ಎಂಜಿನ್ನಿಗೂ ಸೀಟಿನ ಹಿಂದೆ ಬಿಗಿಯಾಗಿ ಕೂತ ಎಂಜಿನ್ನಿಗೂ ರಿಪೇರಿಯಲ್ಲಿ ಎಷ್ಟು ವ್ಯತ್ಯಾಸವೆಂದು ಹೇಳಿಯಾರು. ಮನೆಯಂಗಳದಲ್ಲಿ ತಾವೇ ಕಾರು ಬಿಚ್ಚಿ ಜೋಡಿಸುತ್ತಿದ್ದ ಅಮೆರಿಕದ ಹಳೆಯ ಮಾಲೀಕರ ಅಸಮಾಧಾನವನ್ನು ಬರೀ ಹಠವೆಂದು ತಳ್ಳಿಹಾಕುವುದು ಅನ್ಯಾಯ. ಆದರೂ ಕಾರ್ವೆಟ್ ತನ್ನ ಕೊಳ್ಳುಗರಿಗೆ ಕೊಟ್ಟಿದ್ದ ಮಾತು ಉದ್ದನೆಯ ಬಾನೆಟ್ಟಿನದಲ್ಲ, ಕೈಗೆಟಕುವ ಬೆಲೆಯಲ್ಲಿ ಜಗತ್ತಿನ ಅತ್ಯುತ್ತಮ ಕಾರುಗಳ ಸಮಕ್ಕೆ ನಿಲ್ಲುವ ವೇಗದ್ದು. ಮುಂದಿದ್ದ ಎಂಜಿನ್ ಅದನ್ನು ಇನ್ನು ಉಳಿಸಿಕೊಡಲಾರದೆಂದು ತಿಳಿದ ಮೇಲೆ ಅದನ್ನು ಹಿಂದಕ್ಕೆ ಸರಿಸಿದ್ದು ಸರಿಯಾದ ನಿರ್ಧಾರವೆಂದೇ ನಾನು ತಿಳಿದಿದ್ದೇನೆ.

ಈಗ ಈ ವಿನ್ಯಾಸದ ಮೇಲೆ ಇನ್ನೂ ಒಂದು ಪದರ ಸೇರಿದೆ. 2023ರ ಜನವರಿಯಲ್ಲಿ ಅನಾವರಣಗೊಂಡ ಇ-ರೇ ಮಾದರಿಯಲ್ಲಿ ವಿ-8 ಎಂಜಿನ್ ಬೆನ್ನ ಹಿಂದೆಯೇ ಉಳಿದು, ಮುಂದಿನ ಚಕ್ರಗಳನ್ನು 160 ಅಶ್ವಶಕ್ತಿಯ ವಿದ್ಯುತ್ ಮೋಟಾರು ತಿರುಗಿಸುತ್ತದೆ. ಕಾರ್ವೆಟ್‌ನ ನಾಲ್ಕೂ ಚಕ್ರಗಳಿಗೆ ಶಕ್ತಿ ಹರಿಯುವ ಮೊದಲ ಮಾರಾಟದ ಮಾದರಿ ಇದು.