ಕೈಗುಣವಲ್ಲ, ಆಕ್ಸಿನ್

'ಅವರ ಕೈಗುಣ ಒಳ್ಳೇದು, ನೆಟ್ಟ ಕಡ್ಡಿಯೆಲ್ಲ ಚಿಗುರುತ್ತದೆ' ಎಂಬ ಮಾತು ಕೊಡಗಿನ ತೋಟಗಳಲ್ಲಿ ಇನ್ನೂ ಹೋಗಿಲ್ಲ. ಮೆಣಸಿನ ಹಂಬು ಒಣಗಿದರೆ ತಪ್ಪು ಅಮಾವಾಸ್ಯೆಯದ್ದು! ಚಂದ್ರನನ್ನು ಅವನ ಪಾಡಿಗೆ ಬಿಟ್ಟು ಕತ್ತರಿಸಿದ ತುಂಡಿನೊಳಗೆ ನೋಡೋಣ.

ನಮ್ಮ ಗಾಯ ಮಾಯುವ ರೀತಿಯೇ ಬೇರೆ. ಗಿಡದಲ್ಲಿ ಗಾಯದಂಚಿನ ಜೀವಕೋಶಗಳು ಹಳೆಯ ಕೆಲಸ ಬಿಟ್ಟು ಹೊಸ ಅಂಗವನ್ನೇ ಕಟ್ಟಬಲ್ಲವು. ಎಳೆಯ ಕುಡಿಯಲ್ಲಿ ತಯಾರಾಗುವ ಆಕ್ಸಿನ್ ಎಂಬ ಹಾರ್ಮೋನು ಕೋಶದಿಂದ ಕೋಶಕ್ಕೆ ಕೆಳಗಿಳಿಯುತ್ತದೆ. ಕಾಂಡ ಕತ್ತರಿಸಿದಲ್ಲಿ ದಾರಿ ಮುಗಿದು, ಕಟ್ಟೆ ಹಾಕಿದ ತೋಡಿನ ನೀರಿನಂತೆ ಬುಡದಲ್ಲಿ ತುಂಬಿಕೊಳ್ಳುತ್ತದೆ. ಬೇರು ಅಲ್ಲೇ ಮೂಡುವುದು ಅದಕ್ಕೇ. ನರ್ಸರಿಯವರು ಹಚ್ಚುವ ಐಬಿಎ ಪುಡಿಯೂ ಒಂದು ಬಗೆಯ ಆಕ್ಸಿನ್ನೇ. ಇನ್ನು ಕಾಫಿ ಗಿಡದ ತಲೆ ಕತ್ತರಿಸಿದರೆ ಮೇಲಿನಿಂದ ಬರುವ ಆಕ್ಸಿನ್ ನಿಂತು, ಸೈಟೋಕೈನಿನ್ ಎಂಬ ಇನ್ನೊಂದು ಹಾರ್ಮೋನು ಮೇಲುಗೈ ಪಡೆದು, ಮಲಗಿದ್ದ ಮೊಗ್ಗುಗಳೆಲ್ಲ ಏಳುತ್ತವೆ. ಆಮೇಲೆ ಚಿಗುರು ಕೀಳಲು ಆಳು ಸಿಗದೆ ಒದ್ದಾಡುವುದು ಬೇರೆ ಕಥೆ.

ಸೈಟೋಕೈನಿನ್ ಸಿಕ್ಕ ಬಗೆಯಂತೂ ಸೊಗಸು. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಫೋಕ್ ಸ್ಕೂಗ್, ಕಾರ್ಲೋಸ್ ಮಿಲ್ಲರ್ ಮತ್ತು ಸಂಗಡಿಗರು ತಂಬಾಕಿನ ತಿರುಳಿನ ಕೋಶಗಳನ್ನು ವಿಭಜಿಸುವ ವಸ್ತುವಿಗಾಗಿ ತಡಕಾಡುತ್ತಿದ್ದರು. 1955ರಲ್ಲಿ ಅದು ಸಿಕ್ಕಿದ್ದು ಹೆರಿಂಗ್ ಮೀನಿನ ವೀರ್ಯದ ಹಳೆಯ ಡಿಎನ್‌ಎಯಲ್ಲಿ! ತಾಜಾ ಡಿಎನ್‌ಎ ಕೈಕೊಟ್ಟಿತು; ಪ್ರೆಶರ್ ಕುಕ್ಕರಿನಂಥ ಆಟೊಕ್ಲೇವಿನಲ್ಲಿ ಬೇಯಿಸಿದ ಮೇಲೆ ಅದೂ ಫಲ ಕೊಟ್ಟಿತು. ಆ ವಸ್ತುವೇ ಕೈನೆಟಿನ್, ಒಂದು ಬಗೆಯ ಸೈಟೋಕೈನಿನ್. 1957ರಲ್ಲಿ ಸ್ಕೂಗ್ ಮತ್ತು ಮಿಲ್ಲರ್ ತೋರಿಸಿದ್ದು ಇಷ್ಟು: ಆಕ್ಸಿನ್ ಹೆಚ್ಚಿದ್ದರೆ ಬೇರು, ಕೈನೆಟಿನ್ ಹೆಚ್ಚಿದ್ದರೆ ಚಿಗುರು, ಎರಡೂ ಹದವಾಗಿದ್ದರೆ ರೂಪವಿಲ್ಲದ ಕ್ಯಾಲಸ್ ಮುದ್ದೆ.

ಮಡಿಕೇರಿಯ ಡಿಸೆಂಬರ್ ಚಳಿಯಲ್ಲಿ ಇದೆಲ್ಲ ಮಂದವಾಗುತ್ತದೆ. ಬಿಸಿ ಎಂದರೆ ಬರಿಯ ವೇಗವಲ್ಲ, ಹಾರ್ಮೋನಿನ ಲೆಕ್ಕವೂ ಬದಲಾಗುತ್ತದೆ. ಸಾಸಿವೆಯ ದಾಯಾದಿ ಅರಾಬಿಡಾಪ್ಸಿಸ್ ಗಿಡವನ್ನು ಸುಮಾರು 28 ಡಿಗ್ರಿ ಸೆಲ್ಸಿಯಸ್‌ನಲ್ಲಿಟ್ಟರೆ ಪಿಐಎಫ್4 ಎಂಬ ಪ್ರೋಟೀನು ಆಕ್ಸಿನ್ ತಯಾರಿಸುವ ಜೀನುಗಳನ್ನು ಚುರುಕುಗೊಳಿಸುತ್ತದೆ. ಹಾಗೆಂದು ಬಿಸಿಲಿಗೆ ಇಟ್ಟೀರಿ! ಬೇರಿಲ್ಲದ ತುಂಡಿನ ಎಲೆ ನೀರು ಕಳೆದುಕೊಂಡು ಬಾಡುತ್ತದೆ. ಬುಡ ಬೆಚ್ಚಗೆ, ಎಲೆ ತಂಪಗೆ ಇರಬೇಕು. ನರ್ಸರಿಯ ನೆರಳು, ಪ್ಲಾಸ್ಟಿಕ್ ಹೊದಿಕೆ ಇರುವುದು ಇದಕ್ಕೇ.

ಹಾರ್ಮೋನಿಗೂ ಬಗ್ಗದ ಹಟ ಒಂದಿದೆ. ರೊಬಸ್ಟಾ ಕಾಫಿಯ ಅಡ್ಡರೆಂಬೆಯ ತುಂಡು ಬೇರು ಬಿಟ್ಟರೂ ಅಡ್ಡಕ್ಕೇ ಬೆಳೆಯುತ್ತದೆ. ನೆಟ್ಟಗಿನ ಗಿಡ ಬೇಕಾದರೆ ನೆಟ್ಟಗೆ ಬಂದ ಚಿಗುರನ್ನೇ ಕತ್ತರಿಸಬೇಕು. ಕಾಳುಮೆಣಸಿನಲ್ಲಿ ಇದೇ ಹಟ ಉಪಕಾರಕ್ಕೆ ಬಂದಿದೆ. ಕಾಯಿ ಬಿಡುವ ಅಡ್ಡರೆಂಬೆಗೆ ಬೇರು ಬರಿಸಿದರೆ ಅದು ಬಳ್ಳಿಯಾಗದೆ ಪೊದೆಯಾಗುತ್ತದೆ, ಆಸರೆಗೆ ಮರವಿಲ್ಲದೆ ಕುಂಡದಲ್ಲೇ ಮೆಣಸು ಬಿಡುತ್ತದೆ.