ಟೇಬಲ್ ಮೇಲೆ ಕಾಲಿನ ಗೆರೆ: ಆಸ್ಟಿಯೋಟಮಿಯಲ್ಲಿ ಕೇಬಲ್ ಹಿಡಿದು ನೋಡುವ ಬಗೆ

ಮಂಡಿಯ ಒಳಮಗ್ಗುಲು ಮಾತ್ರ ಸವೆದು ಕಾಲು ಬಿಲ್ಲಿನಂತೆ ಬಾಗಿದ್ದರೆ ಮಾಡುವುದು ಹೈ ಟಿಬಿಯಲ್ ಆಸ್ಟಿಯೋಟಮಿ: ಟಿಬಿಯಾವನ್ನು, ಅಂದರೆ ಮಂಡಿಯ ಕೆಳಗಿನ ದೊಡ್ಡ ಮೂಳೆಯನ್ನು, ಮೇಲ್ಭಾಗದಲ್ಲಿ ಒಳಮಗ್ಗುಲಿಂದ ಕೊಯ್ದು, ಸಂದು ತೆರೆದು ಕಾಲು ನೇರ ಮಾಡುವ ಶಸ್ತ್ರಕ್ರಿಯೆ. ಫೀಮರ್ (ತೊಡೆಮೂಳೆ) ತಲೆಯ ನಡುವಿನಿಂದ ಆಂಕಲ್ (ಪಾದದ ಕೀಲು) ನಡುವಿಗೆ ಎಳೆದ ಗೆರೆ ಮಂಡಿಯಲ್ಲಿ ಹೊರಮಗ್ಗುಲಿಗೆ ಸರಿಯಬೇಕು. ಟಿಬಿಯಾದ ಮೇಲ್ತಟ್ಟೆಯನ್ನು ಒಳ ಅಂಚಿನಿಂದ ಅಳೆದರೆ ಸುಮಾರು ಶೇ. 62ರಲ್ಲಿ ಸಿಗುವುದು ಫುಜಿಸಾವಾ ಬಿಂದು, ಗೆರೆ ಅಲ್ಲಿ ಹಾಯಬೇಕು. ಸವೆತ ಕಡಿಮೆಯಿದ್ದರೆ ಶೇ. 55ರ ಆಸುಪಾಸಿನಲ್ಲೇ ನಿಲ್ಲಿಸುವವರಿದ್ದಾರೆ.

ಒಂದು ಡಿಗ್ರಿ ತಿದ್ದಲು ಸಂದನ್ನು ಒಂದು ಮಿ.ಮೀ. ತೆರೆದರೆ ಸಾಕು ಎಂಬ ಬಾಯಿಲೆಕ್ಕವನ್ನು ನಂಬಬೇಡಿ. ಕೊಯ್ತದ ಉದ್ದ 57 ಮಿ.ಮೀ. ಇದ್ದಾಗ ಮಾತ್ರ ಅದು ನಿಜ. 70 ಮಿ.ಮೀ. ಇದ್ದರೆ 8 ಡಿಗ್ರಿಗೆ ಸುಮಾರು 9.8 ಮಿ.ಮೀ. ತೆರೆಯಬೇಕು, 8 ಮಿ.ಮೀ.ಗೇ ನಿಲ್ಲಿಸಿದರೆ ಸಿಗುವುದು ಆರೂವರೆ ಡಿಗ್ರಿ.

ತೆರೆದ ಮೇಲೆ ಸ್ಪ್ರೆಡರ್ (ಸಂದನ್ನು ಅಗಲಿಸಿ ಹಿಡಿಯುವ ಉಪಕರಣ) ಬಿಡದೆ ಗೆರೆ ನೋಡಿ. ಮಂಡಿ ಪೂರ್ತಿ ಚಾಚಿರಲಿ, ಚಿಪ್ಪು ನೇರ ಮೇಲಕ್ಕಿರಲಿ. ಸ್ಟೆರೈಲ್ ಡಯಥರ್ಮಿ (ವಿದ್ಯುತ್ತಿನಿಂದ ರಕ್ತ ನಿಲ್ಲಿಸುವ ಉಪಕರಣ) ಕೇಬಲ್ಲಿನ ಒಂದು ತುದಿ ಫೀಮರ್ ತಲೆಯ ನಡುವೆ, ಇನ್ನೊಂದು ಆಂಕಲ್ಲಿನ ಟೇಲಸ್ ಮೂಳೆಯ ನಡುವೆ. ಎರಡನ್ನೂ ಸಿ-ಆರ್ಮ್‌ನಲ್ಲಿ (ಟೇಬಲ್ ಬಳಿಯೇ ಬಳಸುವ ಎಕ್ಸ್‌ರೇ ಯಂತ್ರ) ಖಚಿತಪಡಿಸಿಕೊಂಡು, ಕೇಬಲ್ ಬಿಗಿಯಾಗಿ ಹಿಡಿಸಿ, ಆಮೇಲೆ ಮಂಡಿಗೆ ಬನ್ನಿ. ಕೇಬಲ್ ಚಿತ್ರದ ನಟ್ಟನಡುವೆ ಬರಲಿ. ಅದು ಚರ್ಮದ ಮೇಲಿದೆ, ಮೂಳೆ ಕೆಳಗಿದೆ. ಕಿರಣ ಓರೆಯಾದರೆ ಗೆರೆ ಸರಿದಂತೆ ಕಾಣುತ್ತದೆ. ಕೇಬಲ್ಲಿನ ದಪ್ಪವೂ ಲೆಕ್ಕಕ್ಕೆ ಬರುತ್ತದೆ: 75 ಮಿ.ಮೀ. ಅಗಲದ ಮೇಲ್ತಟ್ಟೆಯಲ್ಲಿ 4 ಮಿ.ಮೀ. ದಪ್ಪ ಎಂದರೆ ಶೇ. 5ಕ್ಕೂ ಹೆಚ್ಚು. ಅಂಚನ್ನಲ್ಲ, ನಡುವನ್ನು ಓದಿ.

ಮಂಡಿ ತುಸು ಮಡಿಚಿ ಕಾಲು ಹೊರಕ್ಕೆ ಹೊರಳಿದ್ದರೆ ಇಲ್ಲದ ಬಾಗು ಕಾಣುತ್ತದೆ. ಅದನ್ನು ನಂಬಿ ಇನ್ನಷ್ಟು ತೆರೆದರೆ ತಿದ್ದುವಿಕೆ ಅತಿಯಾಗುತ್ತದೆ.

ಹೆಚ್ಚು ಎಡವುವುದು ಇಲ್ಲಲ್ಲ, ಮೃದು ಊತಕದಲ್ಲಿ. ನಿಂತು ತೆಗೆದ ಎಕ್ಸ್‌ರೇಯಲ್ಲಿ ಫೀಮರ್–ಟಿಬಿಯಾ ಕೀಲುಗೆರೆಗಳ ನಡುವಿನ ಕೋನ 6 ಡಿಗ್ರಿ ಇದೆ ಎನ್ನಿ. ಬಾಗಿನಲ್ಲಿ ಒಂದು ಪಾಲು ಮೂಳೆಯದಲ್ಲ, ಹೊರಮಗ್ಗುಲಿನ ಸಡಿಲಿಕೆಯದು. ಭಾರ ಅತ್ತ ಸರಿದಾಗ ಅಲ್ಲಿ ತೆರೆದಿದ್ದ ಕೀಲಿನ ಸಂದು ತಾನೇ ಮುಚ್ಚಿಕೊಳ್ಳುತ್ತದೆ. ಆದ್ದರಿಂದ ಕೋನದಿಂದ 2 ಕಳೆದು ಅರ್ಧ ಮಾಡಿ, ಅಂದರೆ ಇಲ್ಲಿ 2 ಡಿಗ್ರಿ, ಯೋಜಿಸಿದ ತಿದ್ದುವಿಕೆಯಿಂದ ತೆಗೆಯುವುದು ಒಂದು ರೂಢಿ. ಮಲಗಿದ ಕಾಲಿಗೆ ಭಾರವಿಲ್ಲ. ಅಂಗಾಲಿಗೆ ಹಲಗೆಯೊತ್ತಿ ಮೇಲಕ್ಕೆ ನೂಕಿಸಿ ಗೆರೆ ಓದಿ. ಮಂಡಿಯನ್ನು ಅಕ್ಕಪಕ್ಕ ಒತ್ತಿದರೆ ನಿಮಗೆ ಬೇಕಾದ ಗೆರೆಯನ್ನೇ ನೀವೇ ಮಾಡಿಕೊಂಡಂತೆ.

ಇಳಿಜಾರನ್ನೂ ಮರೆಯಬೇಡಿ. ಕೊಯ್ತದ ಸಂದು ಮುಂಬದಿಯಲ್ಲೂ ಹಿಂಬದಿಯಷ್ಟೇ ತೆರೆದರೆ ಟಿಬಿಯಾದ ಹಿಂಬದಿ ಇಳಿಜಾರು ಹೆಚ್ಚುತ್ತದೆ. ಮುಂಬದಿಯಲ್ಲಿ ಅದರ ಅರ್ಧದಿಂದ ಮೂರನೇ ಎರಡರಷ್ಟು ಸಾಕು. ಸ್ಕ್ರೂ ಬಿಗಿದು ಸ್ಪ್ರೆಡರ್ ತೆಗೆದ ಮೇಲೆ ಕೇಬಲ್ ಇನ್ನೊಮ್ಮೆ ಹಿಡಿಯಿರಿ, ಸಂದು ತುಸು ಕುಸಿದಿರುವುದುಂಟು.